ಅಳತೆ ತಪ್ಪಿದ ಅಂಗಿ: ದೆಹಲಿಯಲ್ಲಿ ಗಂಡಸರ ಫ್ಯಾಷನ್ ಪತ್ರಿಕೆಗಳು ಬಂದು ಹೋದ ಕಥೆ

ದೆಹಲಿಯ ಕನಾಟ್ ಪ್ಲೇಸಿನಿಂದ ಬಾಬಾ ಖಡಕ್ ಸಿಂಗ್ ಮಾರ್ಗಕ್ಕೆ ಹೊರಳಿದರೆ ಮೋಹನ್ ಸಿಂಗ್ ಪ್ಲೇಸ್ ಎಂಬ ಹಳೆಯ ಕಟ್ಟಡ ಸಿಗುತ್ತದೆ. ತಾರಸಿಯ ಮೇಲೆ ಇಂಡಿಯನ್ ಕಾಫಿ ಹೌಸ್. ಕೆಳಗೆ ಜೀನ್ಸ್ ಹೊಲಿದುಕೊಡುವ ಪುಟ್ಟ ಅಂಗಡಿಗಳ ಸಾಲು. ಗೋಡೆಗೆ ಒರಗಿಸಿಟ್ಟ ಡೆನಿಮ್ ಥಾನುಗಳು, ಕುತ್ತಿಗೆಗೆ ಟೇಪು ಇಳಿಬಿಟ್ಟುಕೊಂಡ ಮಾಸ್ತರರು, ಒಳಗೆಲ್ಲೋ ಒಂದೇ ಸಮನೆ ಓಡುವ ಹೊಲಿಗೆ ಯಂತ್ರದ ಸದ್ದು. ಬೆಳಗ್ಗೆ ಅಳತೆ ಕೊಟ್ಟರೆ ಸಂಜೆಗೆ ಪ್ಯಾಂಟು ಸಿದ್ಧ ಎಂಬುದು ಈ ಜಾಗದ ಹಳೆಯ ಹೆಸರು.

ಇಲ್ಲಿಗೆ ಬರುವ ಹುಡುಗರ ಕೈಯಲ್ಲಿ ಮೊದಲೆಲ್ಲ ಒಂದು ಕಾಗದ ಇರುತ್ತಿತ್ತು. ಯಾವುದೋ ವಿದೇಶಿ ಪತ್ರಿಕೆಯಿಂದ ಹರಿದು, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದ ಹೊಳಪಿನ ಪುಟ. ಮಡಿಕೆ ಬಿದ್ದಲ್ಲೆಲ್ಲ ಶಾಯಿ ಸಿಪ್ಪೆ ಎದ್ದು ಬಿಳಿ ಗೆರೆ ಮೂಡಿರುತ್ತಿತ್ತು. ಹಾಗಾಗಿ ಚಿತ್ರದೊಳಗಿನ ಮನುಷ್ಯನ ಮಂಡಿಯ ಹತ್ತಿರ ಒಂದು ಗೆರೆ, ಸೊಂಟದ ಹತ್ತಿರ ಇನ್ನೊಂದು. ಮಾಸ್ತರರು ಆ ಗೆರೆಗಳ ನಡುವೆಯೇ ಜೇಬಿನ ಹೊಲಿಗೆ ಹೇಗಿದೆ, ಬಾಟಮ್ ಎಷ್ಟು ಇಂಚು ಎಂದು ಅಂದಾಜು ಹಿಡಿಯುತ್ತಿದ್ದರು. ಈಗ ಬರುವ ಹುಡುಗರು ಫೋನ್ ತೋರಿಸುತ್ತಾರೆ. ಆ ಕಾಗದ ಹೋಗಿ ಈ ಫೋನ್ ಬರುವುದರ ನಡುವೆ ನಡೆದದ್ದನ್ನು ಹೇಳುವುದು ಈ ಲೇಖನದ ಕೆಲಸ. ಗಂಡಸಿನ ಉಡುಪು, ಮೈಕಟ್ಟು, ನಡೆನುಡಿಗಳನ್ನೇ ವಸ್ತುವಾಗಿಸಿಕೊಂಡ ಪತ್ರಿಕೆಗಳು ನಮ್ಮ ದೇಶದಲ್ಲಿ ಮೆರೆದದ್ದು ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ. ಅವಕ್ಕೆ ಬಾಗಿಲು ತೆರೆದದ್ದು ದೆಹಲಿ. ಅವು ಸೊರಗಿದ್ದು ಅತ್ಯಂತ ಸ್ಪಷ್ಟವಾಗಿ ಕಂಡದ್ದೂ ದೆಹಲಿ, ನೋಯ್ಡಾ, ಗುರುಗ್ರಾಮಗಳ ಪತ್ರಿಕಾ ಕಚೇರಿಗಳಲ್ಲಿಯೇ.

ಈ ಬಗೆಯ ಪತ್ರಿಕೆ ಹುಟ್ಟಿದ್ದು ಬಟ್ಟೆ ಅಂಗಡಿಯಲ್ಲಿ. 1931ರಲ್ಲಿ ಅಮೆರಿಕದಲ್ಲಿ ಅಪಾರೆಲ್ ಆರ್ಟ್ಸ್ ಎಂಬ ದಪ್ಪನೆಯ ಪತ್ರಿಕೆ ಹೊರಟಿತು. ಅದು ಅಂಗಡಿಯವರಿಗಾಗಿ ಮಾಡಿದ್ದು. ಗಿರಾಕಿಗೆ ಯಾವ ಬಟ್ಟೆ ತೋರಿಸಬೇಕು, ಯಾವ ಕೋಟಿಗೆ ಯಾವ ಟೈ ಹೊಂದುತ್ತದೆ ಎಂದು ವ್ಯಾಪಾರಿಗೆ ಹೇಳಿಕೊಡುವ ಪುಸ್ತಕ. ಗಿರಾಕಿಗಳೇ ಅದನ್ನು ಬಿಡದೆ ನೋಡತೊಡಗಿದಾಗ ಅದೇ ಬಳಗದವರು 1933ರಲ್ಲಿ ಎಸ್ಕ್ವೈರ್ ತಂದರು. ಅದರ ಮೊದಲ ಸಂಚಿಕೆಯ ಬಹುಪಾಲು ಪ್ರತಿಗಳೂ ಬಟ್ಟೆ ಅಂಗಡಿಗಳ ಮೂಲಕವೇ ಹೋದವು. ಅಪಾರೆಲ್ ಆರ್ಟ್ಸ್ ಮುಂದೆ ಜೆಂಟಲ್‌ಮೆನ್ಸ್ ಕ್ವಾರ್ಟರ್ಲಿ ಆಯಿತು, ಆಮೇಲೆ ಬರೀ ಜಿಕ್ಯೂ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹುಟ್ಟಿದ ಈ ಕೂಸು ಎಷ್ಟು ದೊಡ್ಡದಾದರೂ ಅಂಗಡಿಯ ಋಣ ಕಳೆದುಕೊಳ್ಳಲಿಲ್ಲ.

ಆ ಕಾಲದ ಭಾರತಕ್ಕೆ ಇವು ಬರುವ ದಾರಿ ಕಿರಿದಾಗಿತ್ತು. 1955ರಲ್ಲಿ ನೆಹರೂ ಸಂಪುಟ ಒಂದು ನಿರ್ಣಯ ಮಾಡಿತು. ವಿದೇಶಿ ಒಡೆತನದ ಪತ್ರಿಕೆಗಳು ಭಾರತದಲ್ಲಿ ಅಚ್ಚಾಗಿ ಹೊರಡಬಾರದು ಎಂಬುದು ಅದರ ತಿರುಳು. ಸ್ವಾತಂತ್ರ್ಯ ಬಂದು ಎಂಟು ವರ್ಷವಷ್ಟೇ ಆಗಿದ್ದ ದೇಶದಲ್ಲಿ ಆ ಅಂಜಿಕೆಗೆ ಕಾರಣವಿತ್ತು. ಅಭಿಪ್ರಾಯ ರೂಪಿಸುವ ಸಾಧನ ಪರದೇಶದವರ ಕೈಗೆ ಹೋಗಬಾರದೆಂಬ ಎಚ್ಚರ ಅದು. ಆ ನಿರ್ಣಯ ರಾಜಕೀಯದ ಪತ್ರಿಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಪ್ಯಾಂಟಿನ ಮಡಿಕೆಯ ಬಗ್ಗೆ ಬರೆಯುವ ಪತ್ರಿಕೆಗೂ ಅದೇ ಬೇಲಿಯಾಯಿತು. ಹಡಗಿನಲ್ಲಿ ಬಂದ ಪ್ರತಿಗಳು ಕನಾಟ್ ಪ್ಲೇಸಿನ ದೊಡ್ಡ ಏಜೆಂಟರ ಅಂಗಡಿಗಳಲ್ಲಿ ಸಿಗುತ್ತಿದ್ದವು, ಬೆಲೆ ಮಾತ್ರ ಗುಮಾಸ್ತನ ಕೈಗೆ ಎಟುಕುತ್ತಿರಲಿಲ್ಲ. ಅವನಿಗೆ ಎಟುಕುತ್ತಿದ್ದುದು ದರಿಯಾಗಂಜ್. ಭಾನುವಾರ ಅಲ್ಲಿನ ಪಾದಚಾರಿ ಮಾರ್ಗದ ಮೇಲೆ ಹರಡುತ್ತಿದ್ದ ಹಳೆಯ ಪುಸ್ತಕಗಳ ರಾಶಿಯಲ್ಲಿ ವರ್ಷಗಟ್ಟಲೆ ಹಿಂದಿನ ಎಸ್ಕ್ವೈರ್, ಜಿಕ್ಯೂಗಳು ಸಿಗುತ್ತಿದ್ದವು. ಹುಡುಗರು ಅಲ್ಲಿ ಲೇಖನ ಓದುತ್ತಿರಲಿಲ್ಲ, ಚಿತ್ರ ಆರಿಸುತ್ತಿದ್ದರು. ಮೋಹನ್ ಸಿಂಗ್ ಪ್ಲೇಸಿಗೆ ಬರುತ್ತಿದ್ದ ಮಡಿಸಿದ ಪುಟಗಳಿಗೆ ಇಂಥ ರಾಶಿಗಳೇ ತವರು.

ನಮ್ಮ ಕಡೆ ಆಗ ಈ ಕೆಲಸ ಮಾಡುತ್ತಿದ್ದುದು ಸಿನಿಮಾ. ಶಂಕರ್ ನಾಗ್ ತೊಟ್ಟ ಜಾಕೆಟ್ಟು, ವಿಷ್ಣುವರ್ಧನ್ ಅವರ ಕಾಲರು ಇವೆಲ್ಲ ರೂಪತಾರಾ ಪುಟಗಳಿಂದಲೋ ಟಾಕೀಸಿನ ಪೋಸ್ಟರಿನಿಂದಲೋ ನೇರ ಊರಿನ ಟೈಲರ್ ಅಂಗಡಿಗೆ ಇಳಿಯುತ್ತಿದ್ದವು. ದೆಹಲಿಯಲ್ಲಿ ನೌಕರಿ ಹಿಡಿದು ರಾಮಕೃಷ್ಣಪುರದ ಸರ್ಕಾರಿ ವಸತಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇಂಥ ಗೊಡವೆಯೂ ಕಡಿಮೆ. ಎಪ್ಪತ್ತರ, ಎಂಬತ್ತರ ದಶಕದ ಸಚಿವಾಲಯಕ್ಕೆ ಒಂದು ಸಮವಸ್ತ್ರವಿತ್ತು, ಅದು ಸಫಾರಿ ಸೂಟ್. ಒಬ್ಬನಿಗೆ ಒಪ್ಪಿದ್ದು ಎಲ್ಲರಿಗೂ ಒಪ್ಪುತ್ತಿತ್ತು.

ಬೇಲಿಯ ಒಳಗೆ ನಮ್ಮವರೇ ಮಾಡಿದ ಪ್ರಯತ್ನಗಳಲ್ಲಿ ಹೆಸರಾದವು ಎರಡು. ಎರಡೂ ಮುಂಬಯಿಯವು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಡೆಬನೇರ್ ಬಂತು. 1974ರಲ್ಲಿ ಅದರ ಸಂಪಾದಕ ಸ್ಥಾನಕ್ಕೆ ವಿನೋದ್ ಮೆಹ್ತಾ ಬಂದರು. ನಡುಪುಟದ ಬತ್ತಲೆ ಚಿತ್ರಕ್ಕಾಗಿ ಜನ ಅದನ್ನು ಕೊಂಡರು, ಅದಕ್ಕಾಗಿಯೇ ಬೈದರು. ಅದೇ ಪತ್ರಿಕೆಯಲ್ಲಿ ಉದ್ದನೆಯ ಸಂದರ್ಶನಗಳಿದ್ದವು. ಕವಿ ಇಮ್ತಿಯಾಜ್ ಧಾರ್ಕರ್ ಕವಿತಾ ವಿಭಾಗ ನೋಡಿಕೊಂಡ ಕಾಲವೂ ಇತ್ತು. 1980ರಲ್ಲಿ ಹೊರಟ ಜೆಂಟಲ್‌ಮನ್ ಇನ್ನೊಂದು ದಾರಿ ಹಿಡಿಯಿತು. ಬತ್ತಲೆ ಬೇಡ, ಓದಿಕೊಂಡ ಗಂಡಸಿಗೆ ತಕ್ಕ ಬರಹ, ಕ್ರೀಡೆ, ಉಡುಪು ಎಂಬುದು ಅದರ ನಿಲುವು. ಇಪ್ಪತ್ತೊಂದು ವರ್ಷ ಬಾಳಿ 2001ರಲ್ಲಿ ಅದು ನಿಂತಿತು. ಇವೆರಡರಲ್ಲೂ ನನ್ನನ್ನು ತಡೆದು ನಿಲ್ಲಿಸುವುದು ಒಂದೇ ವಿಷಯ. ಗಂಡಸು ಓದುತ್ತಾನೆ ಎಂಬ ನಂಬಿಕೆ ಆ ಸಂಪಾದಕರಿಗಿತ್ತು. ಮುಂದಿನ ಕಾಲದ ಪತ್ರಿಕೆಗಳು ಮೊದಲು ಕಳೆದುಕೊಂಡದ್ದು ಇದನ್ನೇ.

ಈ ನಡುವೆ ಬಟ್ಟೆಯ ವ್ಯಾಪಾರವೇ ಬದಲಾಗುತ್ತಿತ್ತು. ಆ ಬದಲಾವಣೆಯ ಒಂದು ಮುಖ್ಯ ಕೇಂದ್ರ ಬೆಂಗಳೂರು. ಅಲ್ಲಿಯವರೆಗೆ ಗಂಡಸಿನ ಬಟ್ಟೆಯ ಜಾಹೀರಾತು ಎಂದರೆ ಸೂಟಿಂಗ್ ಶರ್ಟಿಂಗ್. ರೇಮಂಡ್, ವಿಮಲ್, ಡಿಗ್‌ಜ್ಯಾಮ್‌ಗಳ ಬಟ್ಟೆ ಕೊಂಡು ದರ್ಜಿಗೆ ಕೊಡಬೇಕಿತ್ತು. ಮಧುರಾ ಸಂಸ್ಥೆ 1989ರಲ್ಲಿ ಲೂಯಿ ಫಿಲಿಪ್, ಮರುವರ್ಷ ವ್ಯಾನ್ ಹ್ಯೂಸೆನ್, 1993ರಲ್ಲಿ ಆಲೆನ್ ಸೋಲಿ ಎಂಬ ಸಿದ್ಧ ಅಂಗಿಗಳನ್ನು ಮಾರುಕಟ್ಟೆಗೆ ಇಳಿಸಿತು. 1999ರಲ್ಲಿ ಆದಿತ್ಯ ಬಿರ್ಲಾ ಸಮೂಹ ಈ ಉಡುಪಿನ ವ್ಯವಹಾರವನ್ನು ಕೊಂಡುಕೊಂಡಿತು. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಗಳ ಗಾರ್ಮೆಂಟ್ಸ್‌ಗಳಲ್ಲಿ ನಮ್ಮ ಹಳ್ಳಿಗಳಿಂದ ಬಂದ ಸಾವಿರಾರು ಹೆಣ್ಣುಮಕ್ಕಳು ಅಂಗಿ ಹೊಲಿದು, ಕಾಜಾ ಹಾಕಿ, ಗುಂಡಿ ಕೂರಿಸಿದ ಉದ್ಯಮದ ಬೆಳವಣಿಗೆ ಇದೇ ಕಾಲದ್ದು. ಸಿದ್ಧ ಅಂಗಿಗೆ ದರ್ಜಿಯ ಬಾಯಿಮಾತಿನ ಪ್ರಚಾರ ಸಾಲದು. ಅದಕ್ಕೆ ಹೆಸರು ಬೇಕು, ಹೆಸರಿಗೆ ಚಿತ್ರ ಬೇಕು, ಚಿತ್ರಕ್ಕೆ ನುಣುಪು ಕಾಗದದ ಪುಟ ಬೇಕು. ಪುಟ ಕೊಡಲು ಪತ್ರಿಕೆ ಬೇಕಾಯಿತು. ಗಂಡಸರ ಪತ್ರಿಕೆಗೆ ಓದುಗರಿಗಿಂತ ಮುಂಚೆ ಜಾಹೀರಾತುದಾರರು ಹುಟ್ಟಿದ್ದು ಹೀಗೆ.

ದೆಹಲಿಯಲ್ಲಿ ಫ್ಯಾಷನ್ನಿಗೆ ಸರ್ಕಾರಿ ನೆಲೆಯೂ ಸಿಕ್ಕಿತ್ತು. 1986ರಲ್ಲಿ ಜವಳಿ ಸಚಿವಾಲಯದ ಅಡಿಯಲ್ಲಿ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಆರಂಭವಾಯಿತು. ರೋಹಿತ್ ಬಲ್, ರವಿ ಬಜಾಜ್‌ರಂಥ ದೆಹಲಿಯ ವಿನ್ಯಾಸಕರು ಗಂಡಸಿನ ಉಡುಪನ್ನು ಗಂಭೀರವಾಗಿ ಕೈಗೆತ್ತಿಕೊಂಡರು. 1998ರಲ್ಲಿ ವಿನ್ಯಾಸಕರ ಮಂಡಳಿ ರಚನೆಯಾಗಿ, 2000ದಲ್ಲಿ ದೇಶದ ಮೊದಲ ಫ್ಯಾಷನ್ ವೀಕ್ ದೆಹಲಿಯಲ್ಲೇ ನಡೆಯಿತು. ಅದೇ ವರ್ಷ ಮುಂಬಯಿಯಲ್ಲಿ ಎನ್. ರಾಧಾಕೃಷ್ಣನ್ ಅವರ ಮ್ಯಾನ್ಸ್ ವರ್ಲ್ಡ್ ಹೊರಟಿತು. ಉಳಿದದ್ದು ಬೇಲಿ ಒಂದೇ.

ಬೇಲಿ ಸಡಿಲಿದ್ದು 2002ರ ಜೂನ್ 25ರಂದು. ವಾಜಪೇಯಿ ಸಂಪುಟ 1955ರ ನಿರ್ಣಯವನ್ನು ಮರುಪರಿಶೀಲಿಸಿ ಸುದ್ದಿ ಪತ್ರಿಕೆಗಳಲ್ಲಿ ಶೇ 26, ಸುದ್ದಿಯೇತರ ಪತ್ರಿಕೆಗಳಲ್ಲಿ ಶೇ 74ರವರೆಗೆ ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ಕೊಟ್ಟಿತು. ವಾರ್ತಾ ಮತ್ತು ಪ್ರಸಾರ ಸಚಿವೆ ಸುಷ್ಮಾ ಸ್ವರಾಜ್. ಅಂದಿನ ವಾಗ್ವಾದವೆಲ್ಲ ದಿನಪತ್ರಿಕೆಗಳ ಸುತ್ತ ನಡೆಯಿತು, ದೇಶದ ಅಭಿಪ್ರಾಯ ಮಾರಾಟವಾಗುತ್ತದೆ ಎಂದು ದೊಡ್ಡ ಸಂಪಾದಕರು ಬರೆದರು. ಫ್ಯಾಷನ್ ಪತ್ರಿಕೆಗಳ ಬಗ್ಗೆ ಹೆಚ್ಚಿನವರು ಯೋಚಿಸಲಿಲ್ಲ. ಆದರೆ ತೆರೆದ ಬಾಗಿಲಿನಲ್ಲಿ ಸಲೀಸಾಗಿ ನಡೆದು ಬಂದವು ಅವೇ. ಪರವಾನಗಿ ಒಪ್ಪಂದದ ಮೇಲೆ ಕಾಸ್ಮೋಪಾಲಿಟನ್, ಎಲ್‌ನಂಥ ಹೆಂಗಸರ ಪತ್ರಿಕೆಗಳು 1996ರಲ್ಲೇ ಬಂದಿದ್ದವು. ಕೆಲವೇ ವರ್ಷಗಳಲ್ಲಿ ಸುದ್ದಿಯೇತರ ವಿಶೇಷ ಪತ್ರಿಕೆಗಳಿಗೆ ಪೂರ್ಣ ವಿದೇಶಿ ಒಡೆತನವೂ ಸಾಧ್ಯವಾಯಿತು.

ಆಮೇಲಿನದು ಜಾತ್ರೆ. 2006ರ ಆರಂಭದಲ್ಲಿ ದೆಹಲಿಯ ಮೀಡಿಯಾ ಟ್ರಾನ್ಸೇಷಿಯಾ ಸಂಸ್ಥೆ ಮ್ಯಾಕ್ಸಿಮ್‌ನ ಭಾರತೀಯ ಆವೃತ್ತಿ ತಂದಿತು. ಬಂದ ಕೂಡಲೇ ವಿವಾದ: ನಟಿ ಖುಷ್ಬೂ ಅವರ ಮುಖವನ್ನು ಬೇರೊಂದು ದೇಹಕ್ಕೆ ಅಂಟಿಸಿದ ಚಿತ್ರ ಅಚ್ಚಾಗಿ, ಅವರು ಚೆನ್ನೈ ಪೊಲೀಸರಿಗೆ ದೂರು ಕೊಟ್ಟರು. ಹೆಣ್ಣಿನ ದೇಹವನ್ನು ತಮಾಷೆಯ ಸರಕಾಗಿ ನೋಡುವ ಇಂಗ್ಲೆಂಡಿನ ಚಾಳಿಯನ್ನು ಇಲ್ಲಿಗೆ ಹಾಗೆಯೇ ಇಳಿಸಿದರೆ ಏನಾಗುತ್ತದೆ ಎಂಬ ಎಚ್ಚರಿಕೆ ಮೊದಲ ತಿಂಗಳಲ್ಲೇ ಸಿಕ್ಕಿತ್ತು. 2007ರಲ್ಲಿ ಇಂಡಿಯಾ ಟುಡೇ ಸಮೂಹ ಮೆನ್ಸ್ ಹೆಲ್ತ್ ಹೊರಡಿಸಿತು. ಮುಂಬಯಿಯಿಂದ ಎಫ್‌ಎಚ್‌ಎಂ ಬಂತು. 2008ರಲ್ಲಿ ಕಾಂಡೆ ನಾಸ್ಟ್ ತನ್ನದೇ ಪೂರ್ಣ ಒಡೆತನದಲ್ಲಿ ಜಿಕ್ಯೂ ಇಂಡಿಯಾ ತಂದಿತು. 2009ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಗಂಡಸರ ಉಡುಪಿಗೇ ಮೀಸಲಾದ ಫ್ಯಾಷನ್ ವೀಕ್ ನಡೆಯಿತು. ಅದಕ್ಕೆ ಹೆಸರೂ ಹಣವೂ ಬೆಂಗಳೂರಿನ ವ್ಯಾನ್ ಹ್ಯೂಸೆನ್‌ನದು. ಖಾನ್ ಮಾರ್ಕೆಟ್ಟಿನ ಪತ್ರಿಕೆ ಕಟ್ಟೆಯ ಮೇಲೆ ಗಂಡಸರ ಮುಖಪುಟಗಳಿಗೇ ಒಂದು ಸಾಲು ಮೀಸಲಾದ ಕಾಲ ಅದು.

ಆ ಕಾಲದ ಯಾವುದಾದರೂ ಒಂದು ಪ್ರತಿಯನ್ನು ಈಗ ಕೈಗೆತ್ತಿಕೊಂಡು ನೋಡಬೇಕು. ಮೊದಲು ತಿಳಿಯುವುದು ತೂಕ. ಮುಖಪುಟ ತಿರುಗಿಸಿದರೆ ಗಡಿಯಾರ, ಅದರ ಹಿಂದೆ ಕಾರು, ಅದರ ಹಿಂದೆ ಸೋಡಾ ಎಂಬ ಹೆಸರಿನಲ್ಲಿ ಮದ್ಯ. ಪರಿವಿಡಿ ಸಿಗುವ ಹೊತ್ತಿಗೆ ಬೆರಳಿಗೆ ಹತ್ತಾರು ಜಾಹೀರಾತು ಪುಟಗಳು ತಾಗಿರುತ್ತವೆ. ನಡುವೆ ಎಲ್ಲೋ ಮಡಿಸಿ ಅಂಟಿಸಿದ ಸುಗಂಧದ ಪಟ್ಟಿ. ವರ್ಷಗಳ ನಂತರವೂ ಬಿಡಿಸಿದರೆ ಹಳೆಯ ಬೀರುವಿನಂಥ ಮಂದ ವಾಸನೆ. ಉಡುಪಿನ ಚಿತ್ರದ ಅಡಿಯಲ್ಲಿ ಅತಿ ಸಣ್ಣ ಅಕ್ಷರದಲ್ಲಿ ಬೆಲೆ ಇರುತ್ತದೆ, ಕೆಲವು ಕಡೆ ಬೆಲೆಯ ಜಾಗದಲ್ಲಿ ಕೇಳಿ ತಿಳಿಯಿರಿ ಎಂಬ ಸೂಚನೆ. ಒಂದು ಜೊತೆ ಬೂಟಿಗೆ ಅಂದಿನ ಶಾಲಾ ಮಾಸ್ತರರ ಒಂದು ತಿಂಗಳ ಸಂಬಳ ಸಾಲುವುದಿಲ್ಲ.

ಇಷ್ಟು ಭಾರದ ಪತ್ರಿಕೆ ಮಾಡಲು ತಗಲುವ ಖರ್ಚು ಮುಖಬೆಲೆಯಿಂದ ಹುಟ್ಟುವಂಥದ್ದಲ್ಲ. ನುಣುಪು ಕಾಗದ, ಛಾಯಾಗ್ರಹಣ, ಹೆಸರಿನ ಪರವಾನಗಿಗೆ ಹೊರದೇಶದ ಒಡೆಯರಿಗೆ ಕಟ್ಟುವ ಹಣ, ಏಜೆಂಟರ ಕಮಿಷನ್, ಮಾರಾಟವಾಗದೆ ವಾಪಸು ಬರುವ ಪ್ರತಿಗಳ ನಷ್ಟ ಎಲ್ಲವನ್ನೂ ಹೊತ್ತದ್ದು ಜಾಹೀರಾತು. ವರ್ಷದ ಚಂದಾ ಕಟ್ಟಿದರೆ ಬ್ಯಾಗೋ ಸುಗಂಧದ ಬಾಟಲಿಯೋ ಉಚಿತ, ಎಷ್ಟೋ ಸಲ ಆ ಉಚಿತದ ಬೆಲೆಯೇ ಚಂದಾಕ್ಕಿಂತ ಹೆಚ್ಚು. ಜಾಹೀರಾತುದಾರನಿಗೆ ತೋರಿಸಲು ಓದುಗರ ತಲೆ ಎಣಿಕೆ ಬೇಕು, ಅದಕ್ಕೆ ಉಡುಗೊರೆ. ಆ ಎಣಿಕೆಯ ಮೇಲೂ ನಂಬಿಕೆ ಉಳಿಯಲಿಲ್ಲ. ಭಾರತೀಯ ಓದುಗರ ಸಮೀಕ್ಷೆಯ 2013ರ ಅಂಕಿಗಳು ಹೊರಬಂದಾಗ ದೊಡ್ಡ ದೊಡ್ಡ ಪ್ರಕಾಶಕರೇ ಒಟ್ಟಾಗಿ ತಿರಸ್ಕರಿಸಿದರು.

ಹಾಗಾದರೆ ಓದುಗನಿಗೆ ಏನು ಬೇಕಿತ್ತು? ಇದಕ್ಕೆ ಉತ್ತರ ಹುಡುಕಲು ಖಾನ್ ಮಾರ್ಕೆಟ್ ಬಿಟ್ಟು ಹಳೆಯ ರಾಜೇಂದ್ರ ನಗರಕ್ಕೆ ಹೋಗಬೇಕು. ಕರೋಲ್ ಬಾಗಿನ ಪಕ್ಕದ ಆ ಗಲ್ಲಿಗಳಲ್ಲಿ ಐಎಎಸ್ ಕನಸು ಹೊತ್ತು ಬಂದ ಕನ್ನಡದ ಹುಡುಗರು ವರ್ಷಗಟ್ಟಲೆ ಕಿಟಕಿಯಿಲ್ಲದ ಕೋಣೆಗಳಲ್ಲಿ ಓದುತ್ತಾರೆ. ಪ್ರಿಲಿಮ್ಸ್, ಮೇನ್ಸ್ ದಾಟಿದವರು ಶಹಜಹಾನ್ ರಸ್ತೆಯ ಧೋಲ್ಪುರ್ ಹೌಸಿನಲ್ಲಿ ಸಂದರ್ಶನಕ್ಕೆ ಕೂರಬೇಕು. ಆಗ ಎದ್ದು ನಿಲ್ಲುವ ಪ್ರಶ್ನೆಗಳನ್ನು ನೋಡಿ. ಕೋಟು ಹೊಲಿಸಬೇಕೋ, ಸಿದ್ಧ ಕೋಟು ಸಾಕೋ? ಬಂಧ್‌ಗಲಾ ತೊಟ್ಟರೆ ನಡೆದೀತೇ? ಫೆಬ್ರವರಿಯ ಚಳಿಗೂ ಏಪ್ರಿಲ್ ಸೆಕೆಗೂ ಆಗುವ ಬಟ್ಟೆ ಯಾವುದು? ಟೈ ಗಂಟು ಯಾರು ಹೇಳಿಕೊಡುತ್ತಾರೆ? ಕೂತಾಗ ಕೋಟಿನ ಗುಂಡಿ ಬಿಚ್ಚಬೇಕೇ? ಅಪ್ಪ ಜೀವಮಾನದಲ್ಲಿ ಕೋಟು ತೊಟ್ಟಿಲ್ಲ, ಅಣ್ಣನಿಗೆ ಗೊತ್ತಿಲ್ಲ, ಗೆಳೆಯರನ್ನು ಕೇಳಲು ನಾಚಿಕೆ. ಮೊದಲ ನೌಕರಿಗೆ ಗುರುಗ್ರಾಮದ ಗಾಜಿನ ಕಟ್ಟಡಕ್ಕೆ ಹೆಜ್ಜೆಯಿಡುವ ಬಿಹಾರದ ಹುಡುಗನಿಗೂ ಇವೇ ಪ್ರಶ್ನೆ. ಅಂಗಿಯ ಭುಜದ ಹೊಲಿಗೆ ಎಲ್ಲಿ ಬೀಳಬೇಕು ಎಂಬ ಮಾತು ಅವನ ಆತ್ಮವಿಶ್ವಾಸಕ್ಕೆ ನೇರ ಸೇರಿದ್ದು. ಇದನ್ನು ಶೋಕಿ ಎಂದು ತಳ್ಳಿಹಾಕುವವರು ಒಮ್ಮೆಯೂ ತಪ್ಪು ಬಟ್ಟೆ ತೊಟ್ಟು ಜನ ತುಂಬಿದ ಕೋಣೆಗೆ ಕಾಲಿಟ್ಟು ಕುಗ್ಗಿಹೋದವರಲ್ಲ.

ಈ ಹುಡುಗ ಆ ಪತ್ರಿಕೆಗಳಿಗೆ ಓದುಗನಾಗಬಹುದಿತ್ತು. ಆದರೆ ಅವು ಇಂಗ್ಲಿಷಿನಲ್ಲಿದ್ದವು, ಇವನ ಸಂಬಳಕ್ಕೆ ಮೀರಿದ ಬದುಕಿನ ಬಗ್ಗೆ ಇದ್ದವು, ಇವನ ಮೈಬಣ್ಣಕ್ಕಿಂತ ಎರಡು ಪಟ್ಟು ಬಿಳಿಯ ರೂಪದರ್ಶಿಗಳಿಂದ ತುಂಬಿದ್ದವು.

ಅವನ ಇನ್ನೂ ಗುಟ್ಟಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದವರು ಯಾರು ಎಂಬುದು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಬಂದವರಿಗೆಲ್ಲ ಗೊತ್ತು. ನಗರ ಹತ್ತಿರವಾಗುತ್ತಿದ್ದಂತೆ ಹಳಿಯ ಇಕ್ಕೆಲದ ಗೋಡೆಗಳ ತುಂಬ ಗುಪ್ತರೋಗದ ಹಕೀಮರ ಹೆಸರು, ವಿಳಾಸ. ಸಮಾಜಶಾಸ್ತ್ರಜ್ಞ ಸಂಜಯ್ ಶ್ರೀವಾಸ್ತವ ಈ ಬಗೆಯ ಚಿಕಿತ್ಸಾಲಯಗಳನ್ನೂ ಪಾದಚಾರಿ ಮಾರ್ಗದಲ್ಲಿ ಸಿಗುವ ಅಗ್ಗದ ಪುಸ್ತಿಕೆಗಳನ್ನೂ ಗಂಭೀರವಾಗಿ ಅಧ್ಯಯನ ಮಾಡಿ 2007ರಲ್ಲಿ ಪುಸ್ತಕ ತಂದರು. ನಗರಕ್ಕೆ ದುಡಿಯಲು ಬಂದ ಗಂಡಸಿನ ಆಸೆ, ಅಂಜಿಕೆ ಎರಡನ್ನೂ ಓದಲು ಆ ಗೋಡೆಬರಹಗಳು ನೆರವಾಗುತ್ತವೆ. ಮುಂಬಯಿ ಮಿರರ್ ದಿನಪತ್ರಿಕೆಯಲ್ಲಿ 2005ರಿಂದ ಡಾ. ಮಹಿಂದರ್ ವತ್ಸಾ ಲೈಂಗಿಕ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಅಂಕಣವನ್ನು ನೆನೆಯಿರಿ. 2020ರ ಡಿಸೆಂಬರಿನಲ್ಲಿ 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಮರುಗಿದವರಲ್ಲಿ ಗಡಿಯಾರದ ಜಾಹೀರಾತು ನೋಡುವ ವರ್ಗಕ್ಕೆ ಸೇರದವರೇ ಎಷ್ಟೋ ಮಂದಿ. ಅವರ ಪುಟದಲ್ಲಿ ಚಿತ್ರವಿರಲಿಲ್ಲ, ಹೊಳಪಿರಲಿಲ್ಲ. ಕೇಳಿದ್ದಕ್ಕೆ ಬೈಯದೆ ಉತ್ತರ ಕೊಡುವ ಒಬ್ಬ ಹಿರಿಯರಿದ್ದರು.

ಗಂಡಸರಿಗೆ ಈ ಪತ್ರಿಕೆಗಳಿಂದ ಏನು ಬೇಕಿತ್ತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಂಗ್ಲೆಂಡಿನಲ್ಲಿ ಪೀಟರ್ ಜಾಕ್ಸನ್, ನಿಕ್ ಸ್ಟೀವನ್ಸನ್, ಕೇಟ್ ಬ್ರೂಕ್ಸ್ ಓದುಗರ ಗುಂಪುಗಳ ಜೊತೆ ಮಾತಾಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸರು ಈ ಪತ್ರಿಕೆಗಳನ್ನು ಹಗುರವಾಗಿ ತಿರುವಿ ಬಿಸಾಡುವ ವಸ್ತುವೆಂದೇ ಹೇಳಿಕೊಂಡದ್ದು ಕಾಣುತ್ತದೆ. ಹಗುರವಾದದ್ದೇ ಅವರಿಗೆ ಬೇಕಿತ್ತು ಎಂದು ಇದನ್ನು ಓದುವವರಿದ್ದಾರೆ. ಗಂಭೀರವಾಗಿ ಬೇಕೆಂದು ಒಪ್ಪಿಕೊಳ್ಳಲು ಗಂಡಸಿಗೆ ಸಂಕೋಚ, ಆದ್ದರಿಂದ ಹಗುರವೆಂದು ಹೇಳುತ್ತಾನೆ ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಕೋಲ್ಕತ್ತದ ಇಮಾಮಿ ಸಂಸ್ಥೆ 2005ರಲ್ಲಿ ಗಂಡಸರ ಬಿಳಿಚರ್ಮದ ಕ್ರೀಮು ತಂದದ್ದೇ, ಮನೆಯ ಹೆಂಗಸರ ಕ್ರೀಮನ್ನು ಗಂಡಸರು ಕದ್ದು ಹಚ್ಚಿಕೊಳ್ಳುತ್ತಾರೆಂದು ತಿಳಿದುಕೊಂಡು. ಮೈಬಣ್ಣದ ಕೀಳರಿಮೆಯನ್ನು ಮಾರಿಕೊಂಡ ಆ ವ್ಯಾಪಾರ ತಪ್ಪು. ಆದರೂ ಗಂಡಸಿನ ಸಂಕೋಚವನ್ನು ಸಂಪಾದಕರಿಗಿಂತ ಮೊದಲು ವ್ಯಾಪಾರಿ ಅರಿತ ಎಂಬುದನ್ನು ಒಪ್ಪಿಕೊಳ್ಳಬೇಕು.

ಇಳಿಗಾಲ ಒಂದೇ ಪೆಟ್ಟಿಗೆ ಬರಲಿಲ್ಲ. ಜಿಕ್ಯೂ ಇಂಡಿಯಾ ಕಣ್ಣು ಬಿಟ್ಟ 2008ರಲ್ಲೇ ಅಮೆರಿಕದಲ್ಲಿ ಲೀಮನ್ ಬ್ರದರ್ಸ್ ಬಿದ್ದು, ಐಷಾರಾಮಿ ವಸ್ತುಗಳ ಜಾಹೀರಾತುದಾರರು ಕೈ ಬಿಗಿಹಿಡಿದರು. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸೊಂದರಲ್ಲಿ ನಡೆದ ಕ್ರೌರ್ಯದ ನಂತರ ಇಡೀ ನಗರ ಬೀದಿಗಿಳಿದು ಗಂಡಸುತನ ಎಂದರೇನು ಎಂದು ಕೇಳಿತು. ಅತ್ಯಾಚಾರದ ಕಾನೂನು ಬಿಗಿಗೊಳಿಸಲು ರಚಿಸಿದ ನ್ಯಾಯಮೂರ್ತಿ ವರ್ಮಾ ಸಮಿತಿ ಒಂದು ತಿಂಗಳಲ್ಲಿ ವರದಿ ಕೊಟ್ಟಿತು. ಹೆಣ್ಣಿನ ದೇಹವನ್ನು ಚುಡಾಯಿಸುವ ಧಾಟಿಯ ಮುಖಪುಟ ಆ ಚಳಿಗಾಲದ ದೆಹಲಿಯಲ್ಲಿ ಹೇಗೆ ಕಂಡಿರಬೇಕು? ಗಂಡಸರ ಪತ್ರಿಕೆಗಳು ಗಂಡಸಿನ ಜೊತೆ ಗಂಡಸುತನದ ಬಗ್ಗೆ ಮಾತಾಡಲೇಬೇಕಾಗಿದ್ದ ಗಳಿಗೆ ಅದು. ಆ ಮಾತನ್ನು ದಿನಪತ್ರಿಕೆಗಳೂ ಕಾಲೇಜು ಹುಡುಗಿಯರೂ ಆಡಿದರು. ಇವು ಗಡಿಯಾರದ ಪುಟಗಳನ್ನು ತಿರುಗಿಸುತ್ತಲೇ ಇದ್ದವು. ನನ್ನ ಮಟ್ಟಿಗೆ ಇವು ಓದುಗನನ್ನು ಕಳೆದುಕೊಂಡದ್ದು ಅಂದೇ, ಲೆಕ್ಕಪುಸ್ತಕದಲ್ಲಿ ಅದು ಕಂಡದ್ದು ನಂತರ.

2013ರ ಜುಲೈನಲ್ಲಿ ದೆಹಲಿಯ ಔಟ್‌ಲುಕ್ ಸಂಸ್ಥೆ ತಾನು ಪರವಾನಗಿಯ ಮೇಲೆ ತರುತ್ತಿದ್ದ ಮಾರಿ ಕ್ಲೇರ್, ಪೀಪಲ್, ಜಿಯೋ ಮೂರನ್ನೂ ನಿಲ್ಲಿಸಿತು. ಔಟ್‌ಲುಕ್ ಕಟ್ಟಿದ ಸಂಪಾದಕ ಡೆಬನೇರ್‌ನ ಅದೇ ವಿನೋದ್ ಮೆಹ್ತಾ. ಅಷ್ಟರಲ್ಲಿ ಅವರು ಪ್ರಧಾನ ಸಂಪಾದಕ ಹುದ್ದೆ ಬಿಟ್ಟಿದ್ದರು. ನಿಂತ ಮೂರರಲ್ಲಿ ಗಂಡಸರದ್ದು ಒಂದೂ ಇರಲಿಲ್ಲ. ಹಾಗಿದ್ದರೂ ಹೊರದೇಶದ ಹೆಸರು ಬಾಡಿಗೆಗೆ ತಂದು ಜಾಹೀರಾತಿನಿಂದ ಪತ್ರಿಕೆ ಸಾಕುವ ಮಾದರಿ ಕುಸಿಯುತ್ತಿದೆ ಎಂಬ ಸೂಚನೆ ಎಲ್ಲರಿಗೂ ಮುಟ್ಟಿತು. ಮಾದರಿ ಬಂದ ತವರಿನಲ್ಲೂ ಅದೇ ಗತಿ: ಇಂಗ್ಲೆಂಡಿನಲ್ಲಿ 2014ರಲ್ಲಿ ನಟ್ಸ್, ಮರುವರ್ಷ ಲೋಡೆಡ್, ಅದೇ ವರ್ಷದ ಕೊನೆಗೆ ಎಫ್‌ಎಚ್‌ಎಂ, ಅಮೆರಿಕದಲ್ಲಿ ಡೀಟೇಲ್ಸ್. ಮೂಲ ಬತ್ತಿದ ಮೇಲೆ ಕಾಲುವೆಯಲ್ಲಿ ನೀರೆಲ್ಲಿ? ಇಲ್ಲಿನ ಕಟ್ಟೆಗಳ ಮೇಲೆ ಆ ಸಾಲು ತೆಳುವಾಗುತ್ತ ಹೋಯಿತು, ಉಳಿದವುಗಳ ತೂಕವೂ ಇಳಿಯಿತು.

2016 ನಿರ್ಣಾಯಕ. ಸೆಪ್ಟೆಂಬರಿನಲ್ಲಿ ಜಿಯೋ ಮೊಬೈಲ್ ಸೇವೆ ಬಂದು ಇಂಟರ್ನೆಟ್ ಅಗ್ಗವಾಯಿತು, ನವೆಂಬರಿನಲ್ಲಿ ನೋಟು ರದ್ದಾಗಿ ನಗದಿನಲ್ಲೇ ಬದುಕುತ್ತಿದ್ದ ಪತ್ರಿಕೆ ಕಟ್ಟೆಗಳು ತತ್ತರಿಸಿದವು. 2019ರಲ್ಲಿ ಹೈಕೋರ್ಟ್ ಆದೇಶದ ನಂತರ ದರಿಯಾಗಂಜಿನ ಭಾನುವಾರದ ಪುಸ್ತಕದ ರಾಶಿಗಳು ಪಾದಚಾರಿ ಮಾರ್ಗ ಬಿಟ್ಟು ಮಹಿಳಾ ಹಾಟ್‌ಗೆ ಸ್ಥಳಾಂತರಗೊಂಡವು. 2020ರ ಲಾಕ್‌ಡೌನ್‌ನಲ್ಲಿ ಕಾಗದವನ್ನು ಮುಟ್ಟಲೇ ಜನ ಹೆದರಿದರು. ಆ ಆಗಸ್ಟಿನಲ್ಲಿ ದೆಹಲಿ ಕಳೆದುಕೊಂಡದ್ದು ಫ್ಯಾಷನ್ ಪುಟಗಳಿಗಿಂತ ಬಹಳ ದೊಡ್ಡದು: ಹಿಂದಿಯ ಕಾದಂಬಿನಿ, ಮಕ್ಕಳ ನಂದನ್ ಎರಡೂ ಅರ್ಧ ಶತಮಾನ ದಾಟಿ ನಿಂತುಹೋದವು.

ಓದುಗ ಮಾತ್ರ ನಿಲ್ಲಲಿಲ್ಲ. ಗುರುಗ್ರಾಮದಲ್ಲಿ ಅಂಗದ್ ಭಾಟಿಯಾ ಕಟ್ಟಿದ ಮೆನ್ಸ್ ಎಕ್ಸ್‌ಪಿ ಎಂಬ ಜಾಲತಾಣ, ಪತ್ರಿಕೆಗಳು ಕಡೆಗಣಿಸಿದ ಪ್ರಶ್ನೆಗಳನ್ನೇ ಎತ್ತಿಕೊಂಡು ಬೆಳೆಯಿತು. ಕೂದಲು ಉದುರುವುದು, ಮೊಡವೆ, ಹೊಟ್ಟೆ, ಕಡಿಮೆ ದುಡ್ಡಿನ ಬೂಟು, ಮುರಿದ ಪ್ರೀತಿ. 2012ರಲ್ಲಿ ಟೈಮ್ಸ್ ಇಂಟರ್ನೆಟ್ ಅದನ್ನು ಕೊಂಡುಕೊಂಡಿತು. ಅದರ ಬೆನ್ನಿಗೆ ಗುರುಗ್ರಾಮದಲ್ಲೇ ದಿ ಮ್ಯಾನ್ ಕಂಪನಿ, ಬಾಂಬೆ ಶೇವಿಂಗ್ ಕಂಪನಿಗಳಂಥ ಗಂಡಸರ ಸೌಂದರ್ಯ ಸಾಧನಗಳ ಸಂಸ್ಥೆಗಳು ಎದ್ದವು. ಅವು ಪತ್ರಿಕೆಗೆ ಜಾಹೀರಾತು ಕೊಡುವ ಬದಲು ತಾವೇ ಗಡ್ಡ ಬೋಳಿಸುವ ಪಾಠ ಹೇಳತೊಡಗಿದವು. 2022ರಲ್ಲಿ ಮೆನ್ಸ್ ಎಕ್ಸ್‌ಪಿಯನ್ನು ಟೈಮ್ಸ್‌ನಿಂದ ಕೊಂಡದ್ದು ಬೆಂಗಳೂರಿನ ಮೆನ್ಸಾ ಬ್ರ್ಯಾಂಡ್ಸ್. ಅದು ಉಡುಪು ಮತ್ತು ಸೌಂದರ್ಯ ವಸ್ತುಗಳ ಬ್ರ್ಯಾಂಡುಗಳನ್ನು ಕೊಂಡು ಬೆಳೆಸುವ ಸಂಸ್ಥೆ. 1931ರಲ್ಲಿ ಬಟ್ಟೆ ಅಂಗಡಿಯ ಮೇಜಿನ ಮೇಲೆ ಹುಟ್ಟಿದ್ದು ಹೀಗೆ ಮತ್ತೆ ಅಂಗಡಿಯವರ ಕೈಗೇ ಸೇರಿತು.

ಎಲ್ಲವೂ ಅಳಿದಿಲ್ಲ. ಜಿಕ್ಯೂ, ಮ್ಯಾನ್ಸ್ ವರ್ಲ್ಡ್ ಇವೆ. ಆರ್‌ಪಿಎಸ್‌ಜಿ ಸಮೂಹ ಈಚೆಗೆ ಎಸ್ಕ್ವೈರ್‌ನ ಭಾರತೀಯ ಆವೃತ್ತಿಯನ್ನೂ ತಂದಿದೆ. ಆದರೆ ಅವು ಈಗ ಸಮಾರಂಭ, ಪ್ರಶಸ್ತಿ, ವಿಡಿಯೊಗಳ ಜೊತೆಗೆ ಸಾಗುವ ಹೆಸರುಗಳು. ಮೋಹನ್ ಸಿಂಗ್ ಪ್ಲೇಸಿಗೆ ಹರಿದು ತರುವಂಥ ಪುಟಗಳಾಗಿ ಅವು ಉಳಿದಿಲ್ಲ. ಫೋನಿನ ಚಿತ್ರವೂ ಮಾಸ್ತರರ ಕೆಲಸವನ್ನು ಹಗುರ ಮಾಡಿಲ್ಲ. ಎಷ್ಟು ದೊಡ್ಡದು ಮಾಡಿ ನೋಡಿದರೂ ಬಟ್ಟೆಯ ದಪ್ಪ ಎಷ್ಟು, ಎರಡು ಸಲ ಒಗೆದರೆ ಎಷ್ಟು ಕುಗ್ಗುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದನ್ನು ಅವರೇ ಹೇಳಬೇಕು. ಗಿರಾಕಿ ಕೇಳಿಸಿಕೊಳ್ಳುತ್ತಾನೆ, ಏಕೆಂದರೆ ಆ ಕಟ್ಟಡದಲ್ಲಿ ಅವನ ಮೈಯನ್ನು ಮುಟ್ಟಿ ಅಳತೆ ತೆಗೆದವರು ಅವರೊಬ್ಬರೇ.

ಕನ್ನಡಕ್ಕೆ ಈ ಕಥೆಯಲ್ಲಿ ಒಂದು ಪಾಲಿದೆ. ದೆಹಲಿಯ ಝಂಡೇವಾಲಾದಲ್ಲಿರುವ ದೆಹಲಿ ಪ್ರೆಸ್ 1979ರಲ್ಲಿ ಆರಂಭಿಸಿದ ಹಿಂದಿಯ ಗೃಹಶೋಭಾ ಮುಂದೆ ಕನ್ನಡಕ್ಕೂ ಬಂತು. ಅಡುಗೆ, ಉಡುಪು, ಆರೋಗ್ಯ, ದಾಂಪತ್ಯದ ಬಗ್ಗೆ ನಮ್ಮ ಹೆಣ್ಣುಮಕ್ಕಳು ಕೇಳಿದ ಪ್ರಶ್ನೆಗಳಿಗೆ ಅವರ ಭಾಷೆಯಲ್ಲಿ ಉತ್ತರ ಸಿಕ್ಕಿತು. ಅದಕ್ಕೂ ಮೊದಲೇ ಡಾ. ಅನುಪಮಾ ನಿರಂಜನ ಅವರು ತಮ್ಮ ಪುಸ್ತಕಗಳಿಂದ ಆ ದಾರಿ ತೆರೆದಿದ್ದರು. ದೆಹಲಿಗೆ ಬಂದಿಳಿದ ಮ್ಯಾಕ್ಸಿಮ್, ಜಿಕ್ಯೂ, ಮೆನ್ಸ್ ಹೆಲ್ತ್‌ಗಳು ಕನ್ನಡ ಮಾತಾಡಲಿಲ್ಲ. ಕನ್ನಡದ ಹುಡುಗನೂ ಓದುತ್ತಾನೆ ಎಂದು ಅವಕ್ಕೆ ಯಾರೂ ಹೇಳಲಿಲ್ಲ.

ನಮ್ಮ ವಾರಪತ್ರಿಕೆಗಳ, ಪುರವಣಿಗಳ ಸಂಪಾದಕರಲ್ಲಿ ನನ್ನದೊಂದು ಕೇಳಿಕೆ. ವಾರಕ್ಕೆ ಒಂದು ಪುಟ ಕೊಡಿ. ಹೊಳಪಿನ ಕಾಗದ ಬೇಡ, ರೂಪದರ್ಶಿ ಬೇಡ. ಒಬ್ಬ ಒಳ್ಳೆಯ ದರ್ಜಿ, ಒಬ್ಬ ಚರ್ಮವೈದ್ಯ, ಒಬ್ಬ ಆಪ್ತಸಮಾಲೋಚಕರನ್ನು ಕೂರಿಸಿ, ಹೆಸರು ಹಾಕದೆ ಕಾಗದ ಬರೆಯಲು ಹುಡುಗರಿಗೆ ಅವಕಾಶ ಕೊಡಿ. ಹಳೆಯ ರಾಜೇಂದ್ರ ನಗರದ ಕೋಣೆಯಿಂದ ಮೊದಲ ಕಾಗದ ಬರುತ್ತದೆ: ಕೋಟು ಹೊಲಿಸಲೇ, ಬಂಧ್‌ಗಲಾ ಸಾಕೇ?